ಒಬ್ಬರಿಗೆ ಒಂದೇ ಸಂಬಂಧ

ನನ್ನ ಗಂಡ ನನ್ನ ಅವ್ವನ ತಮ್ಮ. ನಮ್ಮ ಆಳಂದದಲ್ಲಿ ಹೀಗೆ ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. "ಚಲೋ ಆತ್ ಬಿಡ್ರಿ, ಮನಿ ಮಗಳು ಮನ್ಯಾಗ ಉಳದ್ಲು" ಎಂದು ಚಹಾ ಕುಡಿದು ಎದ್ದು ಹೋಗುತ್ತಾರೆ. ನಾನು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಲ್ಲಿ. ಅವ್ವ ನನ್ನನ್ನು ತನ್ನ ತವರಾದ ಆಳಂದಕ್ಕೇ, ತನ್ನ ತಮ್ಮನಿಗೇ ಕೊಟ್ಟಳು. ಹೀಗಾಗಿ ನನ್ನ ಅಜ್ಜಿಯೇ ನನ್ನ ಅತ್ತೆ. ಅಜ್ಜಿಗೆ ನಾವು ಆಯಿ ಅನ್ನುತ್ತೇವೆ. ಮದುವೆಯಾದ ಹೊಸದರಲ್ಲಿ ಆಯಿ ಪಡಸಾಲೆಯಲ್ಲಿ ಕೂತು ಬಂದವರೆದುರು ಗೋಳಾಡುತ್ತಿದ್ದಳು: "ಮುದ್ದು ಮಾಡ್ಬೇಕಂದ್ರ ಸೊಸಿ, ಬೈಬೇಕಂದ್ರ ಮೊಮ್ಮಗಳು. ನನ್ನ ಬಾಯಿ ಕಟ್ಟಿ ಹಾಕ್ಯಾರ ನೋಡ್ರಿ." ಆ ಬಾಯಿ ಕಟ್ಟಿದ್ದನ್ನು ನಾನಂತೂ ಕಾಣೆ. ಎರಡೂ ಕಡೆಯಿಂದ ಬೈಸಿಕೊಂಡು ಬೆಳೆದಿದ್ದೇನೆ.

ನನ್ನ ಕೆಲಸ ಕಂಪ್ಯೂಟರಿನದು. ತೊಗರಿ ದಲಾಲರೊಬ್ಬರ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತೇನೆ. ಸುಗ್ಗಿಯಲ್ಲಿ ಕೆಳಗೆ ಚೀಲ ಝಾಡಿಸಿದರೆ ಮೇಲೆ ನನ್ನ ಕೀಬೋರ್ಡಿನ ಸಂದಿಗಳಿಗೆಲ್ಲ ಧೂಳು ತುಂಬುತ್ತದೆ. ದೂರದ ನಗರದ ಒಂದು ಕಂಪನಿ ನನಗೆ ಕೆಲಸ ಕೊಡುತ್ತದೆ. ಆ ಕಂಪನಿಗೆ ಇನ್ನೊಂದು ಕಂಪನಿ ಕೊಡುತ್ತದೆ, ಅದಕ್ಕೆ ಮತ್ತೊಂದು. ಅದರ ಮೇಲೆ ಯಾರಿದ್ದಾರೆ ಅಂತ ನಾನು ಕೇಳಿಲ್ಲ. ಕೇಳಿದರೂ ಅವರಿಗೆ ಗೊತ್ತಿರಲಿಕ್ಕಿಲ್ಲ.

ಅವರು ನನಗೆ ಕಳಿಸುವ ವಸ್ತುವಿಗೆ ಸ್ಕೀಮಾ ಅಂತ ಹೆಸರು. ಅದು ಏನು ಅಂತ ಆಯಿ ಒಮ್ಮೆ ಕೇಳಿದಳು. ಗೌರಿ ಹುಣ್ಣಿವೆಗೆ ಸಕ್ಕರೆ ಆರತಿ ಮಾಡುವ ಕಟ್ಟಿಗೆಯ ಅಚ್ಚು ಗೋಡೆಯ ಮಾಡಿನಲ್ಲಿತ್ತು, ಅದನ್ನೇ ತೆಗೆದು ತೋರಿಸಿದೆ. ಅಚ್ಚಿನಲ್ಲಿ ಗಿಳಿ ಕೊರೆದಿದ್ದರೆ ಪಾಕ ಎಂಥದೇ ಇರಲಿ, ಬರುವುದು ಗಿಳಿಯೇ. ಹಾಗೆಯೇ ಯಾವ ವಿವರ ಇರಲೇಬೇಕು, ಎಷ್ಟು ಸಲ ಇರಬಹುದು, ಯಾವುದರ ಹೊಟ್ಟೆಯಲ್ಲಿ ಯಾವುದು ಕೂಡಬೇಕು ಎಂದು ಮೇಲಿನವರು ಎಕ್ಸ್‌ಎಂಎಲ್ ಎಂಬ ಲಿಪಿಯಲ್ಲಿ ಬರೆದು ಕಳಿಸುತ್ತಾರೆ. ನಾನು ಅದನ್ನು ಒಂದು ಸಾಧನದ ಬಾಯಿಗೆ ಹಾಕಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಕ್ಲಾಸು ಎಂಬ ಖಾನೆಗಳು ಪಟಪಟನೆ ಉದುರುತ್ತವೆ. ವ್ಯಕ್ತಿ ಅಂತ ಒಂದು ಕ್ಲಾಸು, ಜಮೀನು ಅಂತ ಒಂದು, ಒಪ್ಪಿಗೆ ಅಂತ ಒಂದು. ಜನರ ವಿವರ ಬಂದು ಆ ಕ್ಲಾಸುಗಳಲ್ಲಿ ಕೂಡುತ್ತದೆ.

ಆಯಿ ಎಲ್ಲ ಕೇಳಿ, ಅಚ್ಚನ್ನು ತಿರುಗಿಸಿ ನೋಡಿ, "ಅಚ್ಚು ಅವರದು, ಪಾಕ ಮಂದೀದು. ಹಂಗಾದ್ರ ನೀ ಏನ್ ಮಾಡ್ತಿ?" ಅಂದಳು. ಸಿಟ್ಟು ಬಂತು, ಎದ್ದು ಒಳಗೆ ಹೋದೆ.

ಆ ಸಾಧನದ ಬಗ್ಗೆ ಒಂದು ಮಾತು ಹೇಳಲೇಬೇಕು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯದು ಅದು. ಮನುಷ್ಯನಿಗೆ ಮೂರು ಕಿವಿ ಅಂತ ಸ್ಕೀಮಾದಲ್ಲಿ ಬರೆದಿದ್ದರೆ ಮೂರನೆಯ ಕಿವಿಗೂ ಜಾಗ ಮಾಡಿಟ್ಟು, ಎರಡೇ ಕಿವಿಯವರು ಬಂದರೆ ತಪ್ಪು ಅನ್ನುತ್ತದೆ. ಹುಟ್ಟಿಸಿದ ಪ್ರತಿ ಕಡತದ ನೆತ್ತಿಯ ಮೇಲೆ ಒಂದು ಸಾಲು ಬರೆದಿರುತ್ತದೆ: ಇದು ತಾನಾಗಿ ತಯಾರಾದದ್ದು, ಕೈಯಿಂದ ತಿದ್ದಬಾರದು. ನಮ್ಮ ಕಂಪನಿಯಲ್ಲಿ ಆ ಸಾಲಿಗೆ ಇರುವ ಮರ್ಯಾದೆ ಯಾವ ಶಾಸನಕ್ಕೂ ಇಲ್ಲ.

ಒಂದು ಸಲ ಬಂದ ಕೆಲಸ ವಂಶಾವಳಿಯದು. ಹೊಲದ ಯಜಮಾನ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರು ಯಾರು ಇದ್ದಾರೆ, ಅವರು ಸತ್ತವನಿಗೆ ಏನಾಗಬೇಕು ಎಂದು ಗಿಡದ ಹಾಗೆ ಬರೆದುಕೊಡಬೇಕು. ಆ ಗಿಡ ಮಂಜೂರಾದರೆ ಪಹಣಿಯಲ್ಲಿ ಸತ್ತವನ ಹೆಸರು ಹೋಗಿ ಬದುಕಿದ್ದವರ ಹೆಸರು ಬರುತ್ತದೆ. ಸ್ಕೀಮಾ ಬಂದು ಇಳಿಯಿತು. ಬಹಳ ಚೊಕ್ಕಟವಾಗಿತ್ತು. ಒಬ್ಬ ವ್ಯಕ್ತಿಗೆ ಗುರುತಿನ ಸಂಖ್ಯೆ ಒಂದು. ಕುಟುಂಬದಲ್ಲಿ ಸಂಬಂಧ ಒಂದು. ಕನಿಷ್ಠವೂ ಒಂದು, ಗರಿಷ್ಠವೂ ಒಂದು. ಒಂದೇ ಗುರುತಿನ ಸಂಖ್ಯೆ ಇಡೀ ಗಿಡದಲ್ಲಿ ಎರಡನೆಯ ಕೊಂಬೆಯಲ್ಲಿ ಕಂಡರೆ ಗಿಡಕ್ಕೆ ಗಿಡವೇ ತಿರಸ್ಕೃತ.

ಪರೀಕ್ಷೆಗೆ ಅಂತ ನಾನು ನಮ್ಮ ಮನೆಯ ವಿವರವನ್ನೇ ಹಾಕಿದೆ. ಆಯಿಯ ಕೆಳಗೆ ಅವ್ವ, ಅವ್ವನ ಕೆಳಗೆ ನಾನು. ಸರಿ ಅಂತು. ಆಯಿಯ ಕೆಳಗೆ ಆಕೆಯ ಮಗ, ಅವನ ಪಕ್ಕದಲ್ಲಿ ಹೆಂಡತಿ ಅಂತ ಮತ್ತೆ ನಾನು. ಕೆಂಪು ಅಕ್ಷರ ಕುಣಿಯಿತು: ಈ ವ್ಯಕ್ತಿ ಈಗಾಗಲೇ ಇದ್ದಾರೆ. ಇದ್ದೇನೆ ಮಾರಾಯಾ, ಅದನ್ನೇ ತಾನೆ ನಾನೂ ಹೇಳುವುದು!

ಸ್ಕೀಮಾ ಬರೆದ ಸಾಹೇಬರಿಗೆ ತಿಳಿಸಿದೆ. ಬಹಳ ಸೌಮ್ಯ ಮನುಷ್ಯ. ಯಾವ ಮಾತಿಗೂ ದನಿ ಏರಿಸುವುದಿಲ್ಲ, ಯಾವ ಮಾತನ್ನೂ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. "ಟೆಸ್ಟಿಂಗಿಗೆ ಯಾವುದಾದ್ರೂ ಸಿಂಪಲ್ ಫ್ಯಾಮಿಲಿ ತಗೊಳ್ಳಿ ಮೇಡಂ" ಅಂದರು. ಸಿಂಪಲ್ ಫ್ಯಾಮಿಲಿ! ನಮ್ಮ ಓಣಿಯಲ್ಲಿ ಹುಡುಕಿದೆ. ಎಡಗಡೆಯ ಮನೆಯಲ್ಲಿ ಭಾವ ಮೈದುನರು ಅದಲು ಬದಲಾಗಿ ಒಬ್ಬರ ತಂಗಿಯನ್ನು ಇನ್ನೊಬ್ಬರು ಲಗ್ನ ಮಾಡಿಕೊಂಡಿದ್ದರು. ಎದುರಿನ ಮನೆಯವನ ಹೆಂಡತಿ ಅವನ ಸೋದರತ್ತೆಯ ಮಗಳು. ಮೂಲೆಮನೆಯವರನ್ನು ಕೇಳಿದರೆ ಹೇಳುತ್ತ ಹೇಳುತ್ತ ಅವರವರಲ್ಲೇ ತಕರಾರು ಎದ್ದು ಜಗಳವಾಯಿತು. ಕೊನೆಗೆ ಗಂಡ, ಹೆಂಡತಿ, ಎರಡು ಮಕ್ಕಳು ಇರುವ ಒಂದು ಮನೆಯನ್ನು ನಾನೇ ಕಲ್ಪಿಸಿಕೊಂಡು ತುಂಬಿದೆ. ಅದು ಮೊದಲ ಸಲಕ್ಕೇ ಹಸಿರಾಯಿತು. ಸಾಹೇಬರು "ಪರ್ಫೆಕ್ಟ್" ಅಂತ ಬರೆದರು.

ಹೀಗೆ ಎಲ್ಲಿಯೂ ಇಲ್ಲದ ಮನೆತನದ ಮೇಲೆ ಪರೀಕ್ಷೆ ಮುಗಿಸಿ ಪ್ರೋಗ್ರಾಂ ಜೇವರ್ಗಿಗೆ ಹೋಯಿತು. ಅಲ್ಲಿ ಒಬ್ಬರ ಖಾಸಗಿ ಸೇವಾ ಕೇಂದ್ರದಲ್ಲಿ ಪ್ರಾಯೋಗಿಕವಾಗಿ ಇಟ್ಟು ನೋಡುವುದು ಅಂತ ಠರಾವಾಗಿತ್ತು. ಕೇಂದ್ರ ನಡೆಸುವವನು ನನ್ನ ವಯಸ್ಸಿನವನೇ, ಮಾತುಗಾರ. ಏನು ತೊಂದರೆಯಾದರೂ ನನಗೇ ಫೋನು ಮಾಡುತ್ತಿದ್ದ. ಒಂದು ದಿನ ಮಧ್ಯಾಹ್ನ ಅವನ ಫೋನು ಬಂತು.

"ಮೇಡಂ, ಒಂದ್ ಗಿಡ ಮ್ಯಾಲೆ ಏರವಲ್ದು ನೋಡ್ರಿ."

"ಏನಂತದ?"

"ಈ ವ್ಯಕ್ತಿ ಈಗಾಗಲೇ ಇದ್ದಾರೆ ಅಂತದ್ರಿ. ಇದ್ದಾರ, ಇಲ್ಲೇ ನನ್ನ ಮುಂದ ಕುಂತಾರ. ತಾಯಿ ಮಗಳು ಇಬ್ರೂ ಬಂದಾರ ಕೊಳಕೂರದಿಂದ."

ಅವನು ಹೇಳಿದ್ದು ಇಷ್ಟು. ಕೊಳಕೂರಿನ ಒಬ್ಬ ಮುದುಕ ತೀರಿಕೊಂಡಿದ್ದ. ಅವನಿಗೆ ಒಬ್ಬ ಮಗಳು, ಒಬ್ಬ ಮಗ. ಮಗಳು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಹೆಣ್ಣುಕೂಸನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಆ ಕೂಸು ದೊಡ್ಡದಾದ ಮೇಲೆ ತನ್ನ ತಮ್ಮನಿಗೇ ಕೊಟ್ಟು ಲಗ್ನ ಮಾಡಿದಳು. ಮಕ್ಕಳಾಗಲಿಲ್ಲ. ತಮ್ಮ ಎದೆ ಹಿಡಿದುಕೊಂಡು ಹೊಲದಲ್ಲೇ ಬಿದ್ದು ಹೋದ. ಆಮೇಲೆ ಮುದುಕನೂ ಹೋದ. ಈಗ ಮನೆಯಲ್ಲಿ ಉಳಿದವರು ಇಬ್ಬರೇ, ಆ ತಾಯಿ ಮತ್ತು ಆ ಮಗಳು. ಹೊಲ ಇನ್ನೂ ಸತ್ತ ಮುದುಕನ ಹೆಸರಿನಲ್ಲೇ ಇತ್ತು. ಸತ್ತವನ ಹೆಸರಿಗೆ ಬಿತ್ತುವ ಬೀಜ ಕೊಡುವುದಿಲ್ಲ, ಬೆಳೆಗೆ ವಿಮೆ ಕಟ್ಟಿಸಿಕೊಳ್ಳುವುದಿಲ್ಲ. ಮಿರಗ ಹತ್ತಿರ ಬರುತ್ತಿತ್ತು. ಮಿರಗ ಅಂದರೆ ನಮ್ಮ ಕಡೆ ಬಿತ್ತನೆಯ ಮೊದಲ ಮಳೆ.

"ಮಗಳ ಹೆಸರು ಎರಡು ಕಡೆ ಹಾಕ್ಬ್ಯಾಡ್ರಿ, ಒಂದ್ ಕಡೆ ಹಾಕ್ರಿ" ಅಂದೆ. ಸ್ಕೀಮಾ ಬಾಯಿಪಾಠವಾದವರು ಮಾತಾಡುವುದು ಹೀಗೆಯೇ.

"ಹಾಕಿ ನೋಡೇನ್ರಿ. ತಾಯಿ ಕೆಳಗ ಹಾಕ್ದೆ. ಗಿಡ ಹಸರ ಆತು. ಪ್ರಿಂಟ್ ತಗದ್ ಕೊಟ್ರ ಮಗಳು ಓದಿ ಮಾರಿ ಸಪ್ಪಗ ಮಾಡ್ಕೊಂಡ್ ಕುಂತಾಳ. ತಡೀರಿ, ಫೋನ್ ಅವರಿಗೇ ಕೊಡ್ತೇನಿ."

ಫೋನಿನಲ್ಲಿ ಆ ಮಗಳ ದನಿ ಬಂತು. ಮೆತ್ತಗಿತ್ತು, ಆದರೆ ನಡುಗುತ್ತಿರಲಿಲ್ಲ. "ಅಕ್ಕೋರೆ, ನನ್ನ ಗಂಡನ ಹೆಸರಿನ ಮುಂದ ಅವಿವಾಹಿತ ಅಂತ ಬಂದದ್ರಿ. ಲಗ್ನ ಆಗ್ಲಾರದ ಸತ್ತಾನಂತ. ಹಂಗಾದ್ರ ನಾ ಇಷ್ಟು ವರ್ಷ ಯಾರ ಜೋಡಿ ಬಾಳೇ ಮಾಡೀನ್ರಿ?"

ಹೆಂಡತಿಯ ಜಾಗ ಖಾಲಿ ಇದ್ದರೆ ಪ್ರೋಗ್ರಾಂ ತಾನೇ ಅವಿವಾಹಿತ ಅಂತ ಬರೆಯುತ್ತದೆ. ಅದೂ ಸ್ಕೀಮಾದಲ್ಲೇ ಇತ್ತು. ಚೊಕ್ಕಟ ಅಂತ ನಾನೇ ಮೆಚ್ಚಿಕೊಂಡಿದ್ದ ಸಾಲು ಅದು.

"ಹಂಗಾದ್ರ ಗಂಡನ ಬಾಜೂಕ ಹಾಕಸ್ರಿ. ಸೊಸಿ ಅಂತ ಬರ್ತದ" ಅಂದೆ.

ಹಾಕಿದರು. ಗಿಡ ಮತ್ತೆ ಹಸಿರಾಯಿತು. ಗಿಡದಲ್ಲಿರುವ ಪ್ರತಿಯೊಬ್ಬರೂ ಒಪ್ಪಿಗೆ ಅಂತ ಹೆಬ್ಬೆರಳು ಒತ್ತಬೇಕಾಗಿತ್ತು. ಕೇಂದ್ರದವನು ತಾಯಿಯ ಮುಂದೆ ಗಿಡವನ್ನು ಓದಿ ಹೇಳಿದ. ಆಮೇಲೆ ನನ್ನ ಕಿವಿಗೆ ಬಡಿದದ್ದು ಆ ತಾಯಿಯ ದನಿ. ಅದಕ್ಕೆ ಫೋನೇ ಬೇಕಿರಲಿಲ್ಲ, ಆಳಂದದ ತನಕ ಹಾಗೆಯೇ ಕೇಳುತ್ತಿತ್ತು.

"ಏನಂದಿ? ಮಕ್ಕಳಿಲ್ಲ? ನನಗ ಮಕ್ಕಳಿಲ್ಲ? ಹಡದಾಕಿ ನಾ ಇಲ್ಲೇ ಕುಂತೀನಿ, ಹುಟ್ಟಿದಾಕಿ ಇಲ್ಲೇ ಕುಂತಾಳ, ನಿನ್ನ ಡಬ್ಬಿ ಯಾವಾಗ ನೋಡೇತಿ? ನನ್ನ ಹೊಟ್ಟೀಲೆ ಹುಟ್ಟಿದ ಮಗಳು ಇಲ್ಲದ ಕಾಗದಕ್ಕ ನಾ ಹೆಬ್ಬಟ್ಟು ಒತ್ತಂಗಿಲ್ಲ. ನಡಿಯವಾ, ಏಳು."

ಎದ್ದು ಹೋಗೇಬಿಟ್ಟರು.

ನನಗೆ ಸಿಟ್ಟು ಬಂದರೆ ನಾನು ಊಟ ಬಿಡುವುದಿಲ್ಲ, ಕೆಲಸಕ್ಕೆ ಕೂಡುತ್ತೇನೆ. ಆ ದಿನ ಕೂತು ಕೈಯಿಂದ ತಿದ್ದಬಾರದು ಎಂಬ ಕಡತವನ್ನು ಕೈಯಿಂದಲೇ ತಿದ್ದಿದೆ. ಸಂಬಂಧ ಒಂದು ಎಂದಿದ್ದಲ್ಲಿ ಹಲವು ಇರಬಹುದು ಎಂದು ಮಾಡಿದೆ. ಒಬ್ಬ ವ್ಯಕ್ತಿಯನ್ನು ಒಂದೇ ಸಲ ಬರೆದು, ಎರಡು ಕೊಂಬೆಗಳಿಂದ ಆಕೆಯತ್ತ ಬೆರಳು ತೋರಿಸುವ ಹಾಗೆ ಮಾಡಿದೆ. ಕೊಳಕೂರಿನ ಗಿಡ ನನ್ನ ಪರದೆಯ ಮೇಲೆ ಪೂರ್ತಿ ನಿಂತಿತು. ತಾಯಿಗೆ ಮಗಳಿದ್ದಳು, ಗಂಡನಿಗೆ ಹೆಂಡತಿ ಇದ್ದಳು, ಇಬ್ಬರೂ ಒಬ್ಬಳೇ. ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಕೆಳಗೆ ಹೋಗಿ ದಲಾಲರಿಗೂ ಹೇಳಿ ಬಂದೆ. ಅವರು "ಭಾಳ ಚಲೋ ಆತ್ರಿ" ಅಂದು ತೂಕದ ಕಡೆ ತಿರುಗಿದರು.

ಮೇಲಿನವರ ಸರ್ವರ್ ಕಂಪ್ಯೂಟರು ಅದನ್ನು ನನ್ನ ಮುಖದ ಮೇಲೆ ಎಸೆಯಿತು. ಅದಕ್ಕೆ ಗೊತ್ತಿದ್ದದ್ದು ಸಾಹೇಬರ ಸ್ಕೀಮಾ ಮಾತ್ರ. ಸಾಲದ್ದಕ್ಕೆ ಸೋಮವಾರ ಬಂತು. ಪ್ರತಿ ಸೋಮವಾರ ಸ್ಕೀಮಾದಿಂದ ಕ್ಲಾಸುಗಳು ತಾವಾಗಿ ಮತ್ತೆ ಹುಟ್ಟುತ್ತವೆ. ನಾನು ತಿದ್ದಿದ್ದೆಲ್ಲ ಅಳಿಸಿ ಹೋಗಿ, ಕಡತ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಕೂಸಿನ ಹಾಗೆ ಕೂತಿತ್ತು. ನೆತ್ತಿಯ ಮೇಲೆ ಅದೇ ಸಾಲು.

ನಮ್ಮ ಕಂಪನಿಯವರು ಸಾಹೇಬರ ಜೊತೆ ವಿಡಿಯೋ ಮಾತುಕತೆ ಇಟ್ಟರು. ಅವರ ಹಿಂದಿನ ಗೋಡೆಗೆ ಹಸಿರು ಗಿಡದ ಚಿತ್ರ, ನನ್ನ ಹಿಂದಿನ ಗೋಡೆಗೆ ಹಲ್ಲಿ.

"ನೀವು ಜನರೇಟೆಡ್ ಕೋಡನ್ನ ಮುಟ್ಟಿದ್ರಂತೆ" ಅಂದರು. ದೇವರ ಗುಡಿಗೆ ಮೈಲಿಗೆಯಾದ ಧಾಟಿ.

"ಮುಟ್ಟೀನ್ರಿ ಸರ್. ಕೊಳಕೂರದ ಹೆಣ್ಣುಮಗಳಿಗೆ ಎರಡು ಸಂಬಂಧ ಅದಾವು. ನಿಮ್ಮ ಅಚ್ಚಿನ್ಯಾಗ ಒಂದೇ ಜಾಗ ಅದ."

"ಅದು ಎಡ್ಜ್ ಕೇಸ್ ಮೇಡಂ. ತುಂಬಾ ಅಪರೂಪ."

ಅಪರೂಪ ಅಂತ! ನನಗೆ ತಡೆಯಲಾಗಲಿಲ್ಲ. "ಸರ್, ಆ ಅಪರೂಪ ನಿಮ್ಮ ಮುಂದೇ ಕುಂತದ. ನಾ ನನ್ನ ಅತ್ತಿ ಮೊಮ್ಮಗಳು. ನಮ್ಮ ಓಣ್ಯಾಗ ಬಂದು ಕಲ್ಲು ಒಗೀರಿ, ಯಾರಿಗೆ ಬಡೀತದೋ ಅವರೂ ಅಪರೂಪನೇ" ಅಂದೆ.

ಅವರು ನಕ್ಕರು. ಸೌಮ್ಯ ಮನುಷ್ಯ ಅಂದೆನಲ್ಲ. "ನೋಡಿ, ಹೇಗಿದ್ರೂ ಹೊಲ ಆ ಇಬ್ಬರಲ್ಲೇ ತಾನೆ ಉಳಿಯೋದು? ಯಾವ ಸಂಬಂಧ ಹಾಕಿದ್ರೂ ಫಲಿತಾಂಶ ಒಂದೇ. ಅವರಿಗೆ ಏನು ನಷ್ಟ?"

ಏನು ನಷ್ಟ ಅಂತ ಒಂದೇ ಉಸಿರಿನಲ್ಲಿ ಹೇಳಲು ಹೋಗಿ ತೊದಲಿದೆ. ಗಂಡ ಇಲ್ಲದ್ದು ಬೇರೆ, ಗಂಡ ಇರಲೇ ಇಲ್ಲ ಅನ್ನುವುದು ಬೇರೆ ಅಂದೆ. ಆ ಮಾತಿಗೆ ಸ್ಕೀಮಾದಲ್ಲಿ ಜಾಗ ಇರಲಿಲ್ಲ. ಕೊನೆಗೆ ಅವರು ಒಂದು ದಾರಿ ತೋರಿಸಿದರು. ಸ್ಕೀಮಾ ಬದಲಿಸುವುದು ಸಮಿತಿಯ ಕೈಯಲ್ಲಿದೆ. ನನ್ನ ದೂರನ್ನು ಸಮಿತಿಯ ಮುಂದೆ ಇಡುತ್ತಾರೆ. ಆದರೆ ಬಗೆಹರಿಯದೆ ನಿಂತ ಒಂದು ಪ್ರಕರಣವಾದರೂ ಇದ್ದರೆ ಮಾತ್ರ ಚರ್ಚೆ. ಕೊಳಕೂರಿನ ಗಿಡ ಬಾಕಿ ಇರುವ ತನಕ ದೂರಿಗೆ ಜೀವ ಇರುತ್ತದೆ.

"ಸಮಿತಿ ಎಂದ ಕೂಡ್ತದ್ರಿ?"

"ಎಲ್ಲರಿಗೂ ಬಿಡುವಾದಾಗ."

ನನಗೆ ಅಷ್ಟೇ ಸಾಕಿತ್ತು. ಒಂದೇ ಒಂದು ಗಿಡ ಅಲುಗಾಡದೆ ನಿಂತರೆ ಸಾಕು, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಇದ್ದ ಸಂಬಂಧವೆಲ್ಲ ಉಳಿಯುತ್ತದೆ ಅಂತ ಹುಮ್ಮಸ್ಸು ಬಂತು. ಆ ತಾಯಿ ಮಗಳನ್ನು ಜೇವರ್ಗಿಗೆ ಕರೆಸು, ನಾನೇ ಬಂದು ಮಾತಾಡುತ್ತೇನೆ ಅಂತ ಕೇಂದ್ರದವನಿಗೆ ಹೇಳಿದೆ. ಬೆಳಿಗ್ಗೆ ಎದ್ದು ಆಳಂದದಲ್ಲಿ ಬಸ್ಸು ಹತ್ತಿ, ಕಲಬುರಗಿಯಲ್ಲಿ ಬದಲಿಸಿ, ಭೀಮಾ ಸೇತುವೆ ದಾಟಿ ಹೋದೆ. ದಾರಿಯುದ್ದಕ್ಕೂ ಹೊಲಗಳು ಕುಂಟೆಯಿಂದ ಹರಗಿಸಿಕೊಂಡು ಕರ್ರಗೆ ಬಿದ್ದಿದ್ದವು. ಆಕಾಶದ ಒಂದು ಮೂಲೆಯಲ್ಲಿ ಮೋಡ ಕಟ್ಟಿತ್ತು. ನಾನು ಅದನ್ನು ನೋಡಲೇ ಇಲ್ಲ, ಸಮಿತಿಯ ಮುಂದೆ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಭಾಷಣ ಮಾಡಿಕೊಳ್ಳುತ್ತಿದ್ದೆ.

ಅವರು ನನಗಿಂತ ಮೊದಲೇ ಬಂದು ಕೂತಿದ್ದರು. ತಾಯಿ ಕುಳ್ಳಗಿನ ಹೆಂಗಸು. ಹಣೆ ತುಂಬ ಇಬತ್ತಿ, ಮೊಣಕಾಲು ಚಾಚಿ ನೀವಿಕೊಳ್ಳುತ್ತ ಕೂತಿದ್ದಳು. ಮಗಳಿಗೆ ನಲವತ್ತರ ಆಸುಪಾಸು. ಮೊದಲ ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದಳು, ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ.

"ನೀನೇ ಏನವಾ ಆ ಡಬ್ಬಿಗೆ ಕಲಿಸಾಕಿ?" ಅಂತ ತಾಯಿ ಕೇಳಿದಳು.

"ಹೌದ್ರಿ ಆಯಿ. ಆದ್ರ ಪಾಠ ನಾ ಬರದಿಲ್ಲ. ಮ್ಯಾಲಿನವರು ಬರೀತಾರ."

"ಮತ್ತ ಅವರನ್ನ ಕರಕೊಂಡ್ ಬರ್ಬೇಕಿಲ್ಲೋ?"

ನಾನು ಸಮಿತಿಯ ವಿಷಯ ಹೇಳಿದೆ. ನೀವು ಯಾವುದಕ್ಕೂ ಒಪ್ಪಿಗೆ ಕೊಡದೆ ಗಟ್ಟಿಯಾಗಿ ಕೂತರೆ ಅಚ್ಚೇ ಬದಲಾಗುತ್ತದೆ, ನಿಮ್ಮ ಹಿಂದೆ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಅನುಕೂಲ ಅಂತ ಬಿಡಿಸಿ ಹೇಳಿದೆ. ದಾರಿಯಲ್ಲಿ ಮಾಡಿಕೊಂಡ ಭಾಷಣವನ್ನೂ ಅರ್ಧ ಹೇಳಿಬಿಟ್ಟೆ. ಕೇಂದ್ರದವನು ತಲೆ ಅಲ್ಲಾಡಿಸಿ ಭೇಷ್ ಅಂದ. ತಾಯಿ ಪೂರ್ತಿ ಕೇಳಿದಳು.

"ಸಮಿತಿ ಎಂದ ಕೂಡ್ತದಂದಿ?"

"ಎಲ್ಲರಿಗೂ ಬಿಡುವಾದಾಗಂತ್ರಿ."

"ಮಿರಗ ಅವರ ಬಿಡುವು ನೋಡ್ಕೊಂಡು ಬರ್ತದೇನವಾ? ಬೀಜ ಕೊಡವ್ರು ಪಹಣಿ ತಾ ಅಂತಾರ. ಹ್ವಾದ ವರ್ಷ ಮಂದಿ ಕೈಕಾಲು ಬಿದ್ದು ಬೀಜ ತಂದು ಬಿತ್ತೇವಿ. ಈ ವರ್ಷ ಯಾರ ಬಾಗಲಕ ಹೋಗೂಣು? ನಿನ್ನ ಹಟ ನಮ್ಮ ಹೊಲದಾಗ ಬೆಳೀತದೇನು?"

ಸಮಿತಿ, ಚರ್ಚೆ, ಮೂರು ತಾಲ್ಲೂಕಿನ ಹೆಣ್ಣುಮಕ್ಕಳು ಎಲ್ಲ ಬಸ್ಸಿನಲ್ಲಿ ಬಹಳ ಚೆನ್ನಾಗಿ ಕಂಡಿದ್ದವು. ಬೀಜದ ಮಾತು ಬಂದ ಕೂಡಲೆ ಹೊಟ್ಟು ಹಾರಿದ ಹಾಗೆ ಹಾರಿಹೋದವು. ಬಿತ್ತನೆ ನನ್ನದಲ್ಲವಲ್ಲ. ಅದಕ್ಕೇ ಹಟ ಅಷ್ಟು ಸಲೀಸಾಗಿ ಬಂದಿತ್ತು.

ಮಗಳು ಆ ಮಡಿಚಿದ ಕಾಗದವನ್ನು ಬಿಚ್ಚಿದಳು. "ಇದೇ ಇರ್ಲಿ ಬಿಡವ್ವಾ" ಅಂದಳು. "ನಾ ನಿನ್ನ ಮಗಳು ಅಂತ ಬರೀಲಿ. ಗಂಡನ ಹೆಸರು ಕಾಗದದಾಗ ಇಲ್ಲಂದ್ರ ಏನಾಗ್ತದ? ನನ್ನ ಎದಿಯಾಗ ಅದ." ಹೇಳುವಾಗ ಆಕೆ ಕಾಗದದ ಮೇಲಿನ ಅವಿವಾಹಿತ ಎಂಬ ಅಕ್ಷರದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡಿದ್ದಳು.

ತಾಯಿ ನನ್ನ ಕಡೆ ತಿರುಗಿದಳು. "ಇನ್ನೊಮ್ಮೆ ಹೇಳು. ಮೊದಲನೇದ್ರಾಗ ಏನದ?"

"ಈಕಿ ನಿಮ್ಮ ಮಗಳು. ನಿಮ್ಮ ತಮ್ಮಗ ಲಗ್ನ ಆಗಿಲ್ಲ."

"ಎರಡನೇದ್ರಾಗ?"

"ನಿಮ್ಮ ತಮ್ಮಗ ಲಗ್ನ ಆಗೇದ, ಈಕಿ ಅವನ ಹೆಂಡತಿ. ನಿಮಗ..."

"ನನಗ ಮಕ್ಕಳಿಲ್ಲ. ಹೂಂ."

ಮೊಣಕಾಲು ನೀವುವುದನ್ನು ಬಿಟ್ಟು ನೆಟ್ಟಗೆ ಕೂತಳು. ಹೊರಗೆ ಟಂಟಂ ಗಾಡಿಗಳು ಕೂಗಿಕೊಳ್ಳುತ್ತಿದ್ದವು.

"ಎರಡನೇದ್ದು ಮಾಡು" ಅಂದಳು ತಾಯಿ.

"ಅವ್ವಾ, ಬ್ಯಾಡ. ನೀನೇ ಅಂದು ಎದ್ದು ಹೋದಿ" ಅಂತ ಮಗಳು ಆಕೆಯ ತೋಳು ಹಿಡಿದಳು.

"ಸುಮ್ಕಿರು. ಅವ ಬರೇ ನಿನ್ನ ಗಂಡ ಅಲ್ಲ, ನನ್ನ ತಮ್ಮ. ಈ ಬಗಲಾಗ ಎತ್ತಿ ಆಡ್ಸೀನಿ ಅವನ್ನ. ನಾ ಇನ್ನೂ ಬದಕೇನಿ. ಯಾರರ ನಿನಗ ಮಕ್ಕಳಿಲ್ಲೇನ ಮುದಕಿ ಅಂತ ಕೇಳಿದ್ರ, ಬಾಯಿ ಅದ, ಈಕಿ ನನ್ನ ಮಗಳು ಅಂತ ಹೇಳ್ತೇನಿ. ಸತ್ತವ ಎದ್ದು ಬಂದು ನನಗ ಹೆಂಡತಿ ಇದ್ಲು ಅಂತ ಹೇಳಾಕ ಬರ್ತದೇನು? ಅವನ ಹೆಸರಿಗೆ ಜೋಡಿ ಇರ್ಲಿ. ನನಗ ಇಲ್ಲಂತ ಬರಿ."

ಮಗಳು ಮುಖಕ್ಕೆ ಸೆರಗು ಒತ್ತಿಕೊಂಡಳು. ನನಗೂ ಕಣ್ಣು ತುಂಬಿ ಕೀಲಿಗಳು ಕಾಣದಾದವು. ಆದರೂ ನಾನೇ ಕೂತು ತುಂಬಿದೆ. ಸಂಬಂಧ: ಸೊಸೆ. ತಾಯಿಯ ಹೆಸರಿನ ಮುಂದೆ, ಮಕ್ಕಳು: ಇಲ್ಲ. ನನ್ನ ಕೈಯಿಂದಲೇ ಆಗಲಿ, ಕೇಂದ್ರದವನ ಕೈಯಿಂದ ಬೇಡ ಅನ್ನಿಸಿತು. ಯಾಕೆ ಅಂತ ಗೊತ್ತಿಲ್ಲ.

ಮಗಳು ತನ್ನ ಬೆರಳು ಒತ್ತಿದಳು. ಅದು ಹಿಡಿಯಿತು. ತಾಯಿಯ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಕಳೆ ಕಿತ್ತು ಕಿತ್ತು ಗೆರೆ ಸವೆದ ಬೆರಳು ಅದು. ಒರೆಸಿ ಮತ್ತೆ ಇಟ್ಟಳು, ಆಗಲಿಲ್ಲ. ನೀರು ಹಚ್ಚಿ ಇಟ್ಟಳು, ಆಗಲಿಲ್ಲ. "ಜೋರ್ ಒತ್ತಬೇಕ್ರಿ, ಯಾರರ ಹಿಡದು ಒತ್ರಿ" ಅಂದ ಕೇಂದ್ರದವನು. ಕಡೆಗೆ ಮಗಳೇ ಎದ್ದು ಬಂದು, ತಾಯಿಯ ಹೆಬ್ಬೆರಳನ್ನು ತನ್ನ ಸೆರಗಿನಿಂದ ಒರೆಸಿ, ಗಾಜಿನ ಮೇಲಿಟ್ಟು, ತನ್ನ ಎರಡೂ ಕೈಯಿಂದ ಅದುಮಿ ಹಿಡಿದಳು. ಯಂತ್ರ ಕುಯ್ ಅಂತು. ಗಿಡ ಹಸಿರಾಯಿತು.

"ಆತ್ರಿ! ಮಂಜೂರ್!" ಅಂತ ಕೇಂದ್ರದವನು ಚಪ್ಪಾಳೆ ತಟ್ಟಿದ. ಪಾಪ, ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಪ್ರಿಂಟು ತೆಗೆದು ಕೊಟ್ಟ. ಮಗಳು ಓದಲು ಹೋದಳು. "ಓದಬ್ಯಾಡ, ಹಾಂಗೇ ಮಡಚಿ ಇಡು" ಅಂದಳು ತಾಯಿ.

ಬಸ್ ನಿಲ್ದಾಣದ ತನಕ ಮೂವರೂ ಕೂಡಿಯೇ ಬಂದೆವು. ಅವರು ಕಟ್ಟೆಯ ಮೇಲೆ ಕೂತರು, ನಾನು ಸ್ವಲ್ಪ ದೂರ ನಿಂತೆ. ಹತ್ತಿರ ಕೂಡಲು ಮುಖ ಇರಲಿಲ್ಲ. ಅಷ್ಟರಲ್ಲಿ ಫೋನು ಗುಂಯ್ ಅಂತು. ಸಾಹೇಬರಿಂದ ಪತ್ರ. ಅವರೂ ಬರೆದದ್ದಲ್ಲ, ತಾನಾಗಿ ತಯಾರಾದದ್ದು:

"ಕ್ಷೇತ್ರದಲ್ಲಿ ಬಾಕಿ ಪ್ರಕರಣ ಇರುವುದಿಲ್ಲ. ಒಬ್ಬ ವ್ಯಕ್ತಿಗೆ ಒಂದೇ ಸಂಬಂಧ ಎಂಬ ನಿಯಮವು ಸಮರ್ಪಕವಾಗಿರುವುದು ದೃಢಪಟ್ಟಿದೆ. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಸಹಕಾರಕ್ಕೆ ಧನ್ಯವಾದಗಳು."

ಆ ಮುದುಕಿಯ ಹೆಬ್ಬೆರಳೇ ಅವರಿಗೆ ಪುರಾವೆಯಾಗಿತ್ತು. ಅಲ್ಲೇ ನಿಂತು ನನಗೆ ಬರುವ ಬೈಗುಳಗಳನ್ನೆಲ್ಲ ಬೈದೆ. ಕೇಳಿಸಿಕೊಳ್ಳಬೇಕಾದವರು ಅಲ್ಲಿ ಇರಲಿಲ್ಲ. ಬೈಗುಳ ಮುಗಿದವು, ಸಿಟ್ಟು ಮುಗಿಯಲಿಲ್ಲ.

ಕೊಳಕೂರಿನ ಬಸ್ಸು ಬಂದು ನಿಂತಿತು. ಮಗಳು ಇನ್ನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತೇ ಇದ್ದಳು. ಮಕ್ಕಳೇ ಇಲ್ಲ ಎಂದು ಮಂಜೂರಾದ ಆ ಮುದುಕಿ ಆಕೆಯ ಬೆನ್ನಿಗೆ ಒಂದು ಗುದ್ದು ಹಾಕಿ, "ಏಳ್ ಬೇ, ಅತ್ತಿದ್ದು ಸಾಕು. ಹೋಗಿ ಜಾಗ ಹಿಡಿ, ನಿಮ್ಮವ್ವನ ಮೊಣಕಾಲು ನಿಲ್ಲಾಕ ಕೊಡಂಗಿಲ್ಲ" ಅಂದಳು. ಮಗಳು ಓಡಿ ಹೋಗಿ ಕಿಟಕಿಯಲ್ಲಿ ಟವೆಲ್ ಹಾಕಿದಳು.